ಮನೆಯಂಗಳಕ್ಕೆ ಲಿರಿಯೋಪ್ ಮತ್ತು ಮಾಂಡೋ ಹುಲ್ಲು: ನೆಡುವ, ಬೆಳೆಸುವ, ಹದ್ದುಬಸ್ತಿನಲ್ಲಿಡುವ ಕ್ರಮ

ಎಷ್ಟು ಆರೈಕೆ ಮಾಡಿದರೂ ಹುಲ್ಲುಹಾಸು ನಿಲ್ಲದ ಜಾಗಗಳು ಬಹುತೇಕ ಎಲ್ಲ ಅಂಗಳಗಳಲ್ಲೂ ಇರುತ್ತವೆ. ದಟ್ಟ ನೆರಳಿನ ಮರದಡಿ, ಎತ್ತರದ ಗೋಡೆಯ ಮಗ್ಗುಲು, ಮಳೆ ಬಂದಾಗಲೆಲ್ಲ ಮಣ್ಣು ಕೊಚ್ಚಿಹೋಗುವ ಇಳಿಜಾರು, ಹುಲ್ಲು ಕತ್ತರಿಸುವ ಯಂತ್ರವನ್ನು ತಿರುಗಿಸಲೂ ಆಗದ ಕಾಲುದಾರಿಯ ಕಿರಿದಾದ ಅಂಚು, ಇವೆಲ್ಲ ಅಂಥವು. ಇಂತಹ ಕಡೆಗಳಲ್ಲಿ ವರ್ಷವಿಡೀ ಹಸಿರಾಗಿದ್ದು, ಹುಲ್ಲಿನಂತೆಯೇ ಕಾಣುತ್ತ, ಒಮ್ಮೆ ಬೇರೂರಿದ ಮೇಲೆ ಹೆಚ್ಚಿನದೇನನ್ನೂ ಬೇಡದ ಎರಡು ಸಸ್ಯಗಳೆಂದರೆ ಲಿರಿಯೋಪ್ ಮತ್ತು ಓಫಿಯೋಪೋಗನ್. ಎರಡನೆಯದನ್ನು ನರ್ಸರಿಗಳಲ್ಲಿ ಮಾಂಡೋ ಹುಲ್ಲು ಎಂದು ಕೇಳಿದರೆ ಕೊಡುತ್ತಾರೆ. ಮಂಕಿ ಗ್ರಾಸ್ ಎಂಬ ಹೆಸರನ್ನು ಕೆಲವರು ಎರಡಕ್ಕೂ ಬಳಸುವುದರಿಂದ ಆ ಒಂದು ಹೆಸರನ್ನಷ್ಟೇ ನಂಬಿ ಗಿಡ ತರುವುದು ಸರಿಯಲ್ಲ.

ಇವೆರಡೂ ಚೀನಾ, ಜಪಾನ್, ಕೊರಿಯಾ ಮೊದಲಾದ ಪೂರ್ವ ಏಷ್ಯಾದ ನಾಡುಗಳ ಕಾಡುಗಳಲ್ಲಿ ಮರಗಳ ಕೆಳಗೆ ಬೆಳೆಯುವ ಸಸ್ಯಗಳು. ನೋಡಲು ಹುಲ್ಲಿನಂತಿದ್ದರೂ ಹುಲ್ಲಿನ ಕುಟುಂಬಕ್ಕೆ ಸೇರಿದವಲ್ಲ. ಮೊದಲು ಲಿಲ್ಲಿಗಳ ಜೊತೆಗೆ ಎಣಿಸಲಾಗುತ್ತಿದ್ದ ಇವನ್ನು ಈಗ ಸಸ್ಯಶಾಸ್ತ್ರಜ್ಞರು ಶತಾವರಿಯ ಕುಟುಂಬದಲ್ಲಿ ಇರಿಸಿದ್ದಾರೆ. ತೋಟ ಮಾಡುವವರಿಗೆ ಈ ವಿಂಗಡಣೆ ಏಕೆ ಬೇಕೆಂದರೆ, ಈ ಗಿಡಗಳ ವಿಷಯದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಇವನ್ನು ಹುಲ್ಲೆಂದು ಭಾವಿಸಿ ಹುಲ್ಲಿಗೆ ಮಾಡುವ ಉಪಚಾರವನ್ನೇ ಮಾಡುವುದರಿಂದ ಆಗುತ್ತವೆ. ಹುಲ್ಲುಹಾಸು ವಾರವಾರದ ಕತ್ತರಿಯನ್ನೂ ಓಡಾಟವನ್ನೂ ತಾಳಿಕೊಂಡು ಮತ್ತೆ ಚಿಗುರುತ್ತದೆ. ಲಿರಿಯೋಪ್‌ನಲ್ಲಾದರೋ ಹೊಸ ಎಲೆಗಳ ದೊಡ್ಡ ಸುತ್ತು ವರ್ಷಕ್ಕೊಮ್ಮೆ ಬುಡದ ಚಿಗುರುಭಾಗದಿಂದ ಹೊರಡುತ್ತದೆ, ಆ ಎಲೆಯ ತುದಿ ಒಮ್ಮೆ ಕತ್ತರಿಸಿಹೋದರೆ ಮುಂದಿನ ಸುತ್ತು ಬರುವವರೆಗೆ ಮೊಂಡಾಗಿಯೇ ಉಳಿಯುತ್ತದೆ. ಇವುಗಳ ಬೇರುಗಳು ದಪ್ಪವಾಗಿದ್ದು, ತುದಿಗಳಲ್ಲಿ ನೀರು ಮತ್ತು ಆಹಾರವನ್ನು ಕೂಡಿಡುವ ಚಿಕ್ಕ ಗಡ್ಡೆಗಳನ್ನು ಹೊಂದಿರುತ್ತವೆ. ಬರ ತಡೆಯುವ ಶಕ್ತಿ ಬಂದಿರುವುದು ಇದರಿಂದಲೇ, ನೀರು ನಿಂತ ಮಣ್ಣಿನಲ್ಲಿ ಬೇಗ ಕೊಳೆಯುವುದಕ್ಕೂ ಇದೇ ಕಾರಣ.

ಯಾವ ಬಗೆಯನ್ನು ಆರಿಸಬೇಕು

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ತೀರ್ಮಾನ ಇದೇ, ಮತ್ತು ಇದನ್ನು ಗಿಡ ಕೊಳ್ಳುವ ಮೊದಲೇ ಮಾಡಬೇಕು. ಲಿರಿಯೋಪ್‌ನಲ್ಲಿ ತೋಟಗಳಲ್ಲಿ ಬಳಕೆಯಲ್ಲಿರುವವು ಮುಖ್ಯವಾಗಿ ಎರಡು ಪ್ರಭೇದಗಳು. ಲಿರಿಯೋಪ್ ಮಸ್ಕಾರಿ ಬುಡದಲ್ಲೇ ಹಿಳ್ಳುಗಳನ್ನು ಕೂಡಿಸಿಕೊಂಡು ನಿಧಾನವಾಗಿ ದಪ್ಪವಾಗುವ, 30ರಿಂದ 45 ಸೆಂಟಿಮೀಟರ್ ಎತ್ತರದ ಗುಂಪಾಗಿ ಬೆಳೆಯುತ್ತದೆ. ನೆಟ್ಟ ಜಾಗವನ್ನು ಬಿಟ್ಟು ದೂರ ಹೋಗುವುದಿಲ್ಲ. ಇದರ ಎಲೆ ಸುಮಾರು ಒಂದು ಸೆಂಟಿಮೀಟರ್ ಅಗಲವಿದ್ದು ಕಾರಂಜಿಯಂತೆ ಬಾಗಿರುತ್ತದೆ. ಬೇಸಗೆಯ ಕೊನೆಯ ಹೊತ್ತಿಗೆ ಎಲೆಗಳ ಮೇಲಕ್ಕೆ ನೇರಳೆ ಬಣ್ಣದ ಹೂತೆನೆಗಳು ಎದ್ದು ನಿಲ್ಲುತ್ತವೆ. ಲಿರಿಯೋಪ್ ಸ್ಪಿಕಾಟಾ ಇದಕ್ಕೆ ತದ್ವಿರುದ್ಧ ಸ್ವಭಾವದ್ದು. ಎಲೆ ಕಿರಿದು, ಎತ್ತರ 20ರಿಂದ 30 ಸೆಂಟಿಮೀಟರ್, ಹೂವಿನ ಬಣ್ಣ ಪೇಲವ. ಆದರೆ ನೆಲದೊಳಗೆ ಅಡ್ಡಡ್ಡವಾಗಿ ಬೇರುಕಾಂಡಗಳನ್ನು ಚಾಚಿ ಎಲ್ಲ ದಿಕ್ಕಿಗೂ ಹರಡುತ್ತ ಹೋಗುತ್ತದೆ.

ಹರಡುವ ಸ್ವಭಾವ ಇಳಿಜಾರಿನ ಮಣ್ಣನ್ನು ಹಿಡಿದಿಡಲು ವರವಾಗಬಹುದು, ಹೂವಿನ ಪಾತಿಯ ಅಂಚಿಗೆ ನೆಟ್ಟರೆ ಅದೇ ಶಾಪವೂ ಆಗಬಹುದು. ಎರಡು ಮೂರು ವರ್ಷಗಳಲ್ಲಿ ಅದು ಪಾತಿಯೊಳಗಿನ ಮೃದು ಗಿಡಗಳ ಬುಡಕ್ಕೇ ನುಗ್ಗುತ್ತದೆ. ಅಮೆರಿಕದ ಆಗ್ನೇಯ ಭಾಗದ ಕೆಲವೆಡೆ ಸ್ಪಿಕಾಟಾ ತೋಟಗಳಿಂದ ತಪ್ಪಿಸಿಕೊಂಡು ಪಕ್ಕದ ಕಾಡಿನ ನೆಲಕ್ಕೆ ಇಳಿದಿರುವುದೂ ಉಂಟು. ಆದ್ದರಿಂದ ಮನೆಯಂಗಳಕ್ಕೆ ಲಿರಿಯೋಪ್ ಬೇಕೆನ್ನುವವರಿಗೆ, ದೊಡ್ಡ ಇಳಿಜಾರಿನಂತಹ ವಿಶೇಷ ಕಾರಣವಿಲ್ಲದಿದ್ದರೆ, ಮಸ್ಕಾರಿಯನ್ನೇ ಆರಿಸಿರೆಂದು ನಾನು ಹೇಳುತ್ತೇನೆ. ನೆಲ ತುಂಬಲು ಅದು ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ, ಹೆಚ್ಚು ಗಿಡಗಳೂ ಬೇಕಾಗುತ್ತವೆ ಎಂಬುದು ನಿಜ, ಆದರೆ ಮುಂದೆ ಅದನ್ನು ಅಗೆದು ಹಾಕುವ ಶ್ರಮ ಬರುವುದಿಲ್ಲ. ತೀವ್ರ ಹಿಮ ಬೀಳುವ ಪ್ರದೇಶಗಳಲ್ಲಿ ಮಾತ್ರ ಲೆಕ್ಕ ಸ್ವಲ್ಪ ಬದಲಾಗುತ್ತದೆ, ಏಕೆಂದರೆ ಈ ಗುಂಪಿನಲ್ಲಿ ಚಳಿಯನ್ನು ಹೆಚ್ಚು ತಡೆಯುವುದು ಸ್ಪಿಕಾಟಾವೇ.

ಮಸ್ಕಾರಿಯ ತಳಿಗಳು ಅನೇಕ. ಬಿಗ್ ಬ್ಲೂ ಎಂಬುದು ಹಸಿರೆಲೆಯ, ಎಲ್ಲೆಡೆ ಸಿಗುವ, ನಂಬಬಹುದಾದ ತಳಿ. ವೇರಿಗೇಟಾದ ಎಲೆಯಂಚಿನಲ್ಲಿ ಕೆನೆಹಳದಿ ಪಟ್ಟಿಯಿದ್ದು ನೆರಳಿನ ಮೂಲೆಗೆ ಬೆಳಕು ತಂದಂತೆ ಕಾಣುತ್ತದೆ. ಮನ್ರೋ ವೈಟ್ ಎಂಬ ಬಿಳಿ ಹೂವಿನ ತಳಿಗೆ ನೆರಳು ಬೇಕೇಬೇಕು, ಬಿಸಿಲಿಗೆ ಅದರ ಎಲೆ ಬೆಳ್ಳಗಾಗಿ ಸುಡುತ್ತದೆ.

ಮಾಂಡೋ ಹುಲ್ಲು, ಅಂದರೆ ಓಫಿಯೋಪೋಗನ್ ಜಪೋನಿಕಸ್, ಲಿರಿಯೋಪ್‌ಗಿಂತ ನಯವಾದುದು. ಎಲೆಯ ಅಗಲ 2ರಿಂದ 4 ಮಿಲಿಮೀಟರ್, ಎತ್ತರ 15ರಿಂದ 25 ಸೆಂಟಿಮೀಟರ್. ಹೂವುಗಳು ಎಲೆಗಳ ನಡುವೆಯೇ ಅಡಗಿರುವುದರಿಂದ ಇದನ್ನು ಹೂವಿಗಾಗಿ ಯಾರೂ ಬೆಳೆಸುವುದಿಲ್ಲ. ಗಾಢ ಹಸಿರಿನ, ಅಲೆಯಲೆಯಾಗಿ ಮಲಗಿದಂತಿರುವ ಆ ನೋಟವೇ ಇದರ ಬೆಲೆ. ಇದೂ ನೆಲದೊಳಗೆ ಹರಡುತ್ತದೆ, ಆದರೆ ವೇಗ ಬಹಳ ಕಡಿಮೆ. ಇದರ ಕುಬ್ಜ ತಳಿಗಳು 5ರಿಂದ 8 ಸೆಂಟಿಮೀಟರ್ ಮೀರುವುದಿಲ್ಲ, ಹಾಸುಗಲ್ಲುಗಳ ಸಂದಿಗೆ ಅವುಗಳಿಗಿಂತ ಹೊಂದುವ ಸಸ್ಯ ಸಿಗುವುದು ಕಷ್ಟ. ಓಫಿಯೋಪೋಗನ್ ಪ್ಲಾನಿಸ್ಕಾಪಸ್ ಪ್ರಭೇದದ ನಿಗ್ರೆಸೆನ್ಸ್ ಎಂಬ ತಳಿಯ ಎಲೆ ಹೆಚ್ಚುಕಡಿಮೆ ಕಪ್ಪಾಗಿಯೇ ಇರುತ್ತದೆ. ನರ್ಸರಿಯಲ್ಲಿ ಅದನ್ನು ಕಂಡವರು ಮರುಳಾಗುತ್ತಾರೆ, ಮನೆಗೆ ತಂದು ಕಪ್ಪು ಮಣ್ಣಿನಲ್ಲಿ ನೆಟ್ಟ ಮೇಲೆ ಗಿಡ ಎಲ್ಲಿದೆಯೆಂದು ಹುಡುಕುತ್ತಾರೆ. ತಿಳಿಬಣ್ಣದ ಜಲ್ಲಿಯನ್ನೋ ಹಳದಿಮಿಶ್ರಿತ ಹಸಿರಿನ ಗಿಡವನ್ನೋ ಪಕ್ಕದಲ್ಲಿಟ್ಟರೆ ಮಾತ್ರ ಅದರ ಕಪ್ಪು ಎದ್ದು ಕಾಣುತ್ತದೆ.

ಬಿಳಿಪಟ್ಟಿಯ ಓಫಿಯೋಪೋಗನ್ ಜಬುರಾನ್ ಅನ್ನು ಲಿರಿಯೋಪ್ ಎಂದು ಮಾರುವುದು ಸಾಮಾನ್ಯ. ಹೂ ಕಾಯಿ ಬಂದ ಕಾಲದಲ್ಲಿ ಇದನ್ನು ಗುರುತಿಸುವುದು ಸುಲಭ. ಲಿರಿಯೋಪ್‌ನ ಹೂಗಳು ತೆನೆಯ ಮೇಲೆ ಮುಖವೆತ್ತಿ ನಿಲ್ಲುತ್ತವೆ, ಹಣ್ಣಿನಂತೆ ಕಾಣುವ ಬೀಜಗಳು ಮಾಗಿದಾಗ ಕಪ್ಪಾಗುತ್ತವೆ. ಓಫಿಯೋಪೋಗನ್‌ನ ಹೂಗಳು ತಲೆ ತಗ್ಗಿಸಿರುತ್ತವೆ, ಹಸಿರೆಲೆಯ ಸಾಮಾನ್ಯ ಬಗೆಗಳಲ್ಲಿ ಬೀಜಗಳು ನೀಲಿಯಾಗಿರುತ್ತವೆ.

ಜಾಗ ಮತ್ತು ಬೆಳಕು

ಬೆಳಗಿನ ಎಳೆಬಿಸಿಲು, ಮಧ್ಯಾಹ್ನದ ಮೇಲೆ ನೆರಳು ಸಿಗುವ ಜಾಗ ಇವೆಲ್ಲಕ್ಕೂ ಹಿತ. ಮಸ್ಕಾರಿಯು ಮಣ್ಣಿನಲ್ಲಿ ತೇವವಿದ್ದರೆ ಪೂರ್ತಿ ಬಿಸಿಲನ್ನೂ ತಡೆಯುತ್ತದೆ, ಹೂವೂ ಅಲ್ಲಿ ಹೆಚ್ಚು ಬರುತ್ತದೆ. ಬೇಸಗೆ ಕಠಿಣವಾಗಿರುವ ಪ್ರದೇಶಗಳಲ್ಲಿ ಮಾತ್ರ ಬಯಲು ಬಿಸಿಲಿಗೆ ಎಲೆ ಹಳದಿಯಾಗಿ ತುದಿ ಸುಟ್ಟಂತಾಗುತ್ತದೆ. ಮಾಂಡೋ ಹುಲ್ಲು ಬಿಸಿಲಿಗಿಂತ ನೆರಳನ್ನೇ ಮೆಚ್ಚುತ್ತದೆ. ತೀರಾ ಗಾಢ ನೆರಳಿನಲ್ಲಿ ಎರಡೂ ಬದುಕಿರುತ್ತವೆ, ಆದರೆ ಬೆಳವಣಿಗೆ ಅರ್ಧಕ್ಕಿಳಿದು ಹೂ ಬಿಡುವುದು ಬಹುತೇಕ ನಿಂತುಹೋಗುತ್ತದೆ. ಪಟ್ಟೆಯೆಲೆಯ ತಳಿಗಳಿಗೆ ಬಣ್ಣ ಉಳಿಯಲು ಒಳ್ಳೆಯ ಬೆಳಕು ಬೇಕು, ನೇರ ಬಿಸಿಲು ಬೇಡ. ಈ ಎರಡರ ನಡುವಿನ ಹದವನ್ನು ಎಲೆಯನ್ನು ನೋಡಿಯೇ ತಿಳಿಯಬೇಕು.

ಬೆಳಕಿನ ವಿಷಯದಲ್ಲಿ ಇಷ್ಟು ಉದಾರವಾಗಿರುವ ಸಸ್ಯ ನೀರು ಬಸಿಯುವ ವಿಷಯದಲ್ಲಿ ಮಾತ್ರ ರಾಜಿಗೆ ಒಪ್ಪುವುದಿಲ್ಲ. ನೆಡಬೇಕೆಂದಿರುವ ಜಾಗದಲ್ಲಿ 30 ಸೆಂಟಿಮೀಟರ್ ಆಳದ ಗುಂಡಿ ತೋಡಿ, ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ ನೋಡಿ. ಎರಡನೆಯ ಸಲದ ನೀರು ಕೆಲವು ಗಂಟೆಗಳಲ್ಲಿ ಇಳಿದುಹೋದರೆ ಚಿಂತೆಯಿಲ್ಲ. ಮಾರನೆಯ ದಿನವೂ ನಿಂತಿದ್ದರೆ ಆ ಜಾಗದ ಪಾತಿಯನ್ನು 10ರಿಂದ 15 ಸೆಂಟಿಮೀಟರ್ ಎತ್ತರಿಸಬೇಕು, ಇಲ್ಲವೇ ಬೇರೆ ಸಸ್ಯವನ್ನು ಯೋಚಿಸಬೇಕು. ಸದಾ ಒದ್ದೆಯಾಗಿರುವ ಜಾಗಕ್ಕೆ ನಮ್ಮ ಬಜೆಯ ಜಾತಿಯದೇ ಆದ, ಹುಲ್ಲಿನಂತೆ ಕಿರಿದಾದ ಎಲೆಯ ಅಕೋರಸ್ ಗ್ರಾಮಿನಿಯಸ್ ಹೆಚ್ಚು ಹೊಂದುತ್ತದೆ.

ಓಡಾಟದ ಬಗ್ಗೆಯೂ ಮೊದಲೇ ಯೋಚಿಸಬೇಕು. ಲಿರಿಯೋಪ್ ತುಳಿತವನ್ನು ತಾಳುವುದಿಲ್ಲ. ಮಾಂಡೋ ಹುಲ್ಲು ಅಪರೂಪಕ್ಕೆ ಬೀಳುವ ಹೆಜ್ಜೆಯನ್ನು ಸಹಿಸಿಕೊಳ್ಳುತ್ತದೆಯೇ ಹೊರತು ಮಕ್ಕಳ ಆಟಕ್ಕೆ ಹುಲ್ಲುಹಾಸಿನ ಬದಲಿಯಾಗದು. ಜನ ನಡೆದು ದಾಟುವ ಜಾಗವಾದರೆ ಅಲ್ಲಲ್ಲಿ ಹೆಜ್ಜೆಗಲ್ಲು ಹಾಕಿ ನಡುವೆ ಗಿಡ ನೆಡುವುದು ಲೇಸು.

ಮಣ್ಣನ್ನು ಹದಗೊಳಿಸುವುದು

ಗಿಡ ನೆಡುವ ಮೊದಲು ಕಳೆಯನ್ನು ಬೇರುಸಹಿತ ತೆಗೆಯುವುದಕ್ಕೆ ಎಷ್ಟು ಸಮಯ ಕೊಟ್ಟರೂ ಅದು ಹೆಚ್ಚಾಗದು. ಗರಿಕೆ ಮತ್ತು ಜೇಕು ಇಲ್ಲಿ ಪರಮ ಶತ್ರುಗಳು. ಅಗಲವಾದ ಎಲೆಯ ಕಳೆ ಈ ಗಿಡಗಳ ನಡುವೆ ಹುಟ್ಟಿದರೆ ತಟ್ಟನೆ ಕಣ್ಣಿಗೆ ಬೀಳುತ್ತದೆ, ಆದರೆ ಹುಲ್ಲಿನಂತಹ ಎಲೆಗಳ ನಡುವೆ ನಿಜವಾದ ಹುಲ್ಲು ಸೇರಿಕೊಂಡರೆ ಅದು ಬಲಿತು ತೆನೆ ಬಿಡುವವರೆಗೂ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಅದರ ಬೇರು ಗಿಡದ ಬುಡದೊಳಗೆ ಹೆಣೆದುಕೊಂಡಿರುತ್ತದೆ, ಎಳೆದರೆ ಎರಡೂ ಕಿತ್ತುಬರುತ್ತವೆ. ಆದ್ದರಿಂದ ಮೊದಲು ಅಗೆದು ಗಡ್ಡೆ ಬೇರುಗಳನ್ನು ಆರಿಸಿ ತೆಗೆದು, ಒಮ್ಮೆ ನೀರು ಹಾಯಿಸಿ, ಉಳಿದವು ಚಿಗುರುವುದನ್ನು ಎರಡು ಮೂರು ವಾರ ಕಾದು, ಮತ್ತೆ ತೆಗೆಯಬೇಕು. ಬಿಸಿಲು ಬೀಳುವ ಜಾಗವಾದರೆ ಬೇಸಗೆಯ ಉಚ್ಚ ಕಾಲದಲ್ಲಿ ನೆಲವನ್ನು ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ ನಾಲ್ಕರಿಂದ ಆರು ವಾರ ಬಿಟ್ಟರೆ ಮೇಲ್ಪದರದ ಕಳೆಬೀಜಗಳಲ್ಲಿ ಬಹಳಷ್ಟು ಸಾಯುತ್ತವೆ. ಜೇಕಿನ ಆಳದ ಗಡ್ಡೆಗಳಿಗೆ ಈ ಉಪಾಯ ಸಾಲದು, ಅವನ್ನು ಕೈಯಿಂದಲೇ ಆರಿಸಬೇಕು.

ಕಳೆ ಹೋದ ಮೇಲೆ 15ರಿಂದ 20 ಸೆಂಟಿಮೀಟರ್ ಆಳಕ್ಕೆ ಮಣ್ಣನ್ನು ಸಡಿಲಿಸಿ, ಮೇಲೆ ಸುಮಾರು 5 ಸೆಂಟಿಮೀಟರ್ ದಪ್ಪಕ್ಕೆ ಚೆನ್ನಾಗಿ ಕಳಿತ ಕಾಂಪೋಸ್ಟ್ ಹರಡಿ ಬೆರೆಸಬೇಕು. ಜೇಡಿಮಣ್ಣನ್ನು ಸಡಿಲಗೊಳಿಸುವುದೂ ಮರಳುಮಣ್ಣಿನಲ್ಲಿ ತೇವ ಉಳಿಸುವುದೂ ಇದೇ ಕಾಂಪೋಸ್ಟ್. ಜೇಡಿಗೆ ಸ್ವಲ್ಪ ಮರಳು ಬೆರೆಸಿದರೆ ಸರಿಹೋಗುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಬೆರೆಸಿದ ಮರಳು ಕಡಿಮೆಯಾದರೆ ಒಣಗಿದಾಗ ಮಣ್ಣು ಇನ್ನಷ್ಟು ಗಟ್ಟಿಯಾಗುವುದೇ ಹೆಚ್ಚು. ಮಣ್ಣಿನ ರಸಸಾರ, ಅಂದರೆ ಹುಳಿ-ಕ್ಷಾರದ ಅಳತೆಯಾದ ಪಿಎಚ್, 6ರಿಂದ 7ರ ನಡುವೆ ಇದ್ದರೆ ಉತ್ತಮ.

ಮರದಡಿಯ ಜಾಗಕ್ಕೆ ಮಾತ್ರ ಈ ಅಗೆತವೆಲ್ಲ ಸಲ್ಲದು. ಮರಕ್ಕೆ ಆಹಾರ ಒದಗಿಸುವ ಸಣ್ಣ ಬೇರುಗಳು ಬಹುತೇಕ ಮೇಲ್ಮಣ್ಣಿನಲ್ಲೇ ಇರುವುದರಿಂದ, ಇಡೀ ನೆಲವನ್ನು ಅಗೆದರೆ ನೆಲಹೊದಿಕೆಯ ಗಿಡಕ್ಕಾಗಿ ಮರವನ್ನೇ ಕಳೆದುಕೊಳ್ಳುವ ಪ್ರಸಂಗ ಬರಬಹುದು. ಅಲ್ಲಿ ಕೈಸಲಿಕೆಯಿಂದ ಬೇರುಗಳ ನಡುವೆ ಸಿಕ್ಕಷ್ಟೇ ಜಾಗದಲ್ಲಿ ಚಿಕ್ಕ ಚಿಕ್ಕ ಕುಳಿ ತೋಡಿ, ಹೆಬ್ಬೆರಳಿಗಿಂತ ದಪ್ಪವಾದ ಬೇರು ಸಿಕ್ಕರೆ ಅದನ್ನು ಕಡಿಯದೆ ಕುಳಿಯನ್ನೇ ಪಕ್ಕಕ್ಕೆ ಸರಿಸಬೇಕು. ಹೊಸ ಮಣ್ಣನ್ನು ದಪ್ಪವಾಗಿ ಹೇರುವುದೂ ತಪ್ಪು, ಏಕೆಂದರೆ ಅದರ ಕೆಳಗೆ ಹಳೆಯ ಬೇರುಗಳಿಗೆ ಗಾಳಿಯಾಡದು. ಎರಡು ಮೂರು ಸೆಂಟಿಮೀಟರ್ ಕಾಂಪೋಸ್ಟ್ ಸಾಕು. ಕಾಂಡದ ಸುತ್ತ ಒಂದಡಿ ಜಾಗವನ್ನು ಖಾಲಿ ಬಿಡಬೇಕು. ಇಲ್ಲಿಗೆ ದೊಡ್ಡ ಕುಂಡದ ಗಿಡಗಳಿಗಿಂತ ಚಿಕ್ಕ ಹಿಳ್ಳುಗಳೇ ಅನುಕೂಲ, ಅವಕ್ಕೆ ಬೇಕಾಗುವ ಕುಳಿಯೂ ಚಿಕ್ಕದು.

ಎಷ್ಟು ಗಿಡ, ಎಷ್ಟು ದೂರ

ಮಸ್ಕಾರಿಗೆ ಗಿಡದಿಂದ ಗಿಡಕ್ಕೆ 25ರಿಂದ 30 ಸೆಂಟಿಮೀಟರ್, ಮಾಂಡೋ ಹುಲ್ಲಿಗೆ 10ರಿಂದ 20, ಕುಬ್ಜ ತಳಿಗಳಿಗೆ 5ರಿಂದ 10 ಸೆಂಟಿಮೀಟರ್ ಅಂತರ ಸರಿಯಾಗುತ್ತದೆ. ಸ್ಪಿಕಾಟಾ ತಾನೇ ಹರಡುವುದರಿಂದ 30 ಸೆಂಟಿಮೀಟರ್ ಬಿಟ್ಟರೂ ತುಂಬಿಕೊಳ್ಳುತ್ತದೆ. ಗಿಡಗಳ ಸಂಖ್ಯೆ ತಿಳಿಯಲು ಜಾಗದ ವಿಸ್ತೀರ್ಣವನ್ನು ಚದರ ಸೆಂಟಿಮೀಟರಿನಲ್ಲಿ ಬರೆದು, ಅಂತರದ ವರ್ಗದಿಂದ ಭಾಗಿಸಬೇಕು. ಉದಾಹರಣೆಗೆ 10 ಚದರ ಮೀಟರ್ ಎಂದರೆ 1,00,000 ಚದರ ಸೆಂಟಿಮೀಟರ್. 30 ಸೆಂಟಿಮೀಟರ್ ಅಂತರಕ್ಕೆ ಇದನ್ನು 900ರಿಂದ ಭಾಗಿಸಿದರೆ ಸುಮಾರು 110 ಗಿಡಗಳು ಬರುತ್ತವೆ. ಅದೇ ಜಾಗಕ್ಕೆ 20 ಸೆಂಟಿಮೀಟರ್ ಅಂತರವಾದರೆ 250 ಬೇಕು, 10 ಸೆಂಟಿಮೀಟರ್ ಆದರೆ 1,000. ಅಂತರವನ್ನು ಅರ್ಧ ಮಾಡಿದರೆ ಗಿಡಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಕುಬ್ಜ ಮಾಂಡೋವಿನಿಂದ ಇಡೀ ಅಂಗಳ ಮುಚ್ಚುವ ಆಸೆಯಿರುವವರು ಖರ್ಚಿನ ಲೆಕ್ಕ ಹಾಕುವಾಗ ಮರೆಯಬಾರದು. ಸಾಲುಗಳನ್ನು ಚೌಕವಾಗಿ ಇಡುವ ಬದಲು ತ್ರಿಕೋನ ಪದ್ಧತಿಯಲ್ಲಿ, ಅಂದರೆ ಒಂದು ಸಾಲಿನ ಗಿಡ ಮುಂದಿನ ಸಾಲಿನ ಎರಡು ಗಿಡಗಳ ನಡುವೆ ಬರುವಂತೆ ಇಟ್ಟರೆ ಶೇಕಡಾ 15ರಷ್ಟು ಹೆಚ್ಚು ಗಿಡ ಹಿಡಿಯುತ್ತದೆ, ನೆಲವೂ ಸಮನಾಗಿ ತುಂಬುತ್ತದೆ. ಇಳಿಜಾರಿನಲ್ಲಂತೂ ಈ ಕ್ರಮವೇ ಬೇಕು, ಏಕೆಂದರೆ ಚೌಕದ ಸಾಲುಗಳ ನಡುವಿನ ನೇರ ದಾರಿಯಲ್ಲಿ ಮಳೆನೀರು ತಡೆಯಿಲ್ಲದೆ ಇಳಿದು ಹೋಗುತ್ತದೆ.

ಖರ್ಚು ಉಳಿಸಲು ಒಂದು ದಾರಿಯಿದೆ. ಕುಂಡದಲ್ಲಿ ಒತ್ತಾಗಿ ತುಂಬಿಕೊಂಡಿರುವ ಬಲಿತ ಗಿಡವನ್ನು ಆರಿಸಿ ತಂದು, ನೆಡುವ ಮೊದಲೇ ಅದನ್ನು ಮೂರು ನಾಲ್ಕು ಭಾಗ ಮಾಡಿಕೊಳ್ಳಬಹುದು. ಕೊಳ್ಳುವಾಗ ಕುಂಡದಿಂದ ಗಿಡವನ್ನು ಮೆಲ್ಲಗೆ ಜಾರಿಸಿ ಬೇರನ್ನು ನೋಡಿ. ಬೇರು ಬೆಳ್ಳಗೆ ಅಥವಾ ತಿಳಿಕಂದಾಗಿ ಗಟ್ಟಿಯಾಗಿರಬೇಕು. ಮೆತ್ತಗೆ, ಕಪ್ಪಗೆ, ಹಳಸಿದ ವಾಸನೆಯಿದ್ದರೆ ಎಲೆ ಎಷ್ಟೇ ಹಸಿರಾಗಿದ್ದರೂ ಬಿಟ್ಟುಬನ್ನಿ, ಬುಡ ಕೊಳೆಯುವ ರೋಗ ಮನೆಗೆ ಬರುವುದು ಹೆಚ್ಚಾಗಿ ಈ ದಾರಿಯಿಂದಲೇ.

ನೆಡುವ ಕ್ರಮ

ಚಳಿಗಾಲವುಳ್ಳ ಪ್ರದೇಶಗಳಲ್ಲಿ ಹಿಮದ ಭಯ ಕಳೆದ ವಸಂತವೂ, ಮಳೆಗಾಲವಿರುವ ಕಡೆ ಮೊದಲ ಕೆಲವು ಮಳೆಗಳು ಬಿದ್ದು ನೆಲ ತಣಿದ ಹೊತ್ತೂ ನೆಡಲು ಸೂಕ್ತ. ಧಾರಾಕಾರ ಮಳೆಯ ನಡುವೆ ನೆಡುವುದು ಬೇಡ.

ಹಿಂದಿನ ದಿನವೇ ಕುಂಡಗಳಿಗೆ ಚೆನ್ನಾಗಿ ನೀರುಣಿಸಿಡಿ. ಬೇರಿನ ಮುದ್ದೆಗಿಂತ ಎರಡು ಪಟ್ಟು ಅಗಲ, ಆದರೆ ಆಳದಲ್ಲಿ ಅಷ್ಟೇ ಇರುವ ಕುಳಿ ತೋಡಿ. ಕುಂಡದ ಆಕಾರದಲ್ಲೇ ಸುತ್ತಿಕೊಂಡ ಬೇರುಗಳನ್ನು ಬೆರಳಿನಿಂದ ಬಿಡಿಸಿ ಹರಡಬೇಕು. ಗಿಡವನ್ನು ಇಡುವಾಗ ಗಮನಿಸಬೇಕಾದ ಒಂದೇ ಒಂದು ಸಂಗತಿ ಆಳ. ಎಲೆಗಳು ಬೇರಿನಿಂದ ಹೊರಡುವ ಆ ಬುಡಭಾಗ ನೆಲದ ಮಟ್ಟಕ್ಕೆ ಸರಿಯಾಗಿರಬೇಕು, ಕುಂಡದಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳ. ಗಟ್ಟಿಯಾಗಿ ನಿಲ್ಲಲೆಂದು ಎರಡು ಬೆರಳು ಹೆಚ್ಚು ಆಳಕ್ಕೆ ಹೂತರೆ ಚಿಗುರುಭಾಗ ಮಣ್ಣಿನೊಳಗೆ ಸೇರಿ, ತೇವ ಹಿಡಿದು ಕೊಳೆಯುತ್ತದೆ. ಮಣ್ಣು ನೀರಿನೊಂದಿಗೆ ಸ್ವಲ್ಪ ಕುಸಿಯುವುದರಿಂದ ಜೇಡಿಮಣ್ಣಿನಲ್ಲಿ ಒಂದು ಸೆಂಟಿಮೀಟರಿನಷ್ಟು ಮೇಲಕ್ಕೇ ಇಡುವುದು ಒಳ್ಳೆಯದು. ಸುತ್ತ ಮಣ್ಣು ತುಂಬಿ ಕೈಯಿಂದ ಒತ್ತಿ ನೀರು ಹಾಕಿ. ಕಾಲಿನಿಂದ ತುಳಿದು ಗಟ್ಟಿ ಮಾಡಬೇಡಿ.

ಇಳಿಜಾರಿನಲ್ಲಿ ಪ್ರತಿ ಗಿಡದ ಕೆಳಬದಿಗೆ ಚಿಕ್ಕ ಕಟ್ಟೆಯಂತೆ ಮಣ್ಣು ಏರಿಸಿದರೆ ಹಾಕಿದ ನೀರು ಅಲ್ಲೇ ಇಂಗುತ್ತದೆ. ಕಡಿದಾದ ಇಳಿಜಾರಾದರೆ ಮೊದಲು ಸೆಣಬಿನ ಜಾಲರಿಯನ್ನು ಹಾಸಿ, ಗೂಟ ಹೊಡೆದು ಬಿಗಿದು, ಅದರ ಕಣ್ಣುಗಳನ್ನು ಅಲ್ಲಲ್ಲಿ ಸೀಳಿ ಗಿಡ ನೆಡಬೇಕು. ಗಿಡಗಳು ಮಣ್ಣನ್ನು ಹಿಡಿದುಕೊಳ್ಳುವ ಹೊತ್ತಿಗೆ ಜಾಲರಿ ತಾನಾಗಿಯೇ ಕರಗಿಹೋಗಿರುತ್ತದೆ. ಹಾಸುಗಲ್ಲುಗಳ ನಡುವೆ ಕುಬ್ಜ ಮಾಂಡೋ ನೆಡುವವರು ಸಂದಿಯ ಅಗಲ ಕನಿಷ್ಠ 5 ಸೆಂಟಿಮೀಟರ್, ಮಣ್ಣಿನ ಆಳ ಕನಿಷ್ಠ 8ರಿಂದ 10 ಸೆಂಟಿಮೀಟರ್ ಇರುವಂತೆ ನೋಡಿಕೊಳ್ಳಬೇಕು. ಕಲ್ಲಿನ ಕೆಳಗೆ ಜಲ್ಲಿಪುಡಿಯನ್ನು ಮಾತ್ರ ತುಂಬಿ ಅದರಲ್ಲೇ ಗಿಡ ಚುಚ್ಚುವುದನ್ನು ಅನೇಕ ಕಡೆ ಕಾಣುತ್ತೇವೆ, ಮೊದಲ ಬೇಸಗೆಗೇ ಅವು ಒಣಗುತ್ತವೆ. ಸಂದಿಯ ಮಣ್ಣು ಕಲ್ಲಿನ ಮೇಲ್ಮೈಗಿಂತ ತುಸು ಕೆಳಗಿದ್ದರೆ ಪಾದದ ಭಾರ ಕಲ್ಲಿನ ಮೇಲೆ ಬೀಳುತ್ತದೆ, ಗಿಡದ ಬುಡದ ಮೇಲೆ ಬೀಳುವುದಿಲ್ಲ.

ಮೊದಲ ಎರಡು ವರ್ಷ

ಬರ ತಡೆಯುವ ಗಿಡವೆಂಬ ಕೀರ್ತಿ ಬೇರೂರಿದ ಮೇಲಿನದು. ಮೊದಲ ಎರಡು ವಾರ ಎರಡು ಮೂರು ದಿನಕ್ಕೊಮ್ಮೆಯೂ, ಆಮೇಲೆ ಮೊದಲ ವರ್ಷವಿಡೀ ಮಳೆಯಿಲ್ಲದ ವಾರಗಳಲ್ಲಿ ವಾರಕ್ಕೊಮ್ಮೆಯೂ ಸುಮಾರು 15 ಸೆಂಟಿಮೀಟರ್ ಆಳ ನೆನೆಯುವಂತೆ ನೀರು ಕೊಡಬೇಕು. ಬೆರಳನ್ನು ಮಣ್ಣಿನೊಳಗೆ 5 ಸೆಂಟಿಮೀಟರ್ ಇಳಿಸಿದಾಗ ತಂಪಾಗಿ ತೇವ ತಗುಲಿದರೆ ಅಂದು ನೀರು ಬೇಡ. ದಿನವೂ ಸಂಜೆ ಎಲೆಯ ಮೇಲೆ ನೀರು ಚಿಮುಕಿಸುವ ಅಭ್ಯಾಸ ಮಾತ್ರ ಇಲ್ಲಿ ಅಪಾಯಕಾರಿ, ರಾತ್ರಿಯೆಲ್ಲ ಒದ್ದೆಯಾಗಿರುವ ಬುಡ ಶಿಲೀಂಧ್ರಗಳಿಗೆ ಆಹ್ವಾನವಿತ್ತಂತೆ. ಹನಿ ನೀರಾವರಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಬೆಳಗಿನ ಹೊತ್ತು ಕೊಳವೆಯಿಂದ ಬುಡಕ್ಕೆ ನೀರು ಬಿಡಬೇಕು.

ಗಿಡಗಳ ನಡುವಿನ ಖಾಲಿ ನೆಲವನ್ನು ತರಗೆಲೆಯ ಚೂರು, ಮರದ ತೊಗಟೆಯ ಚೂರು, ಇವುಗಳಿಂದ 3ರಿಂದ 5 ಸೆಂಟಿಮೀಟರ್ ದಪ್ಪಕ್ಕೆ ಮುಚ್ಚಿದರೆ ತೇವ ಉಳಿಯುತ್ತದೆ, ಕಳೆಯೂ ಕಡಿಮೆಯಾಗುತ್ತದೆ. ಬುಡಕ್ಕೆ ತಾಗದಂತೆ ಎರಡು ಬೆರಳು ದೂರ ಬಿಡಬೇಕು. ಹೊದಿಕೆಯಿದ್ದೂ ಬರುವ ಕಳೆಯನ್ನು ಚಿಕ್ಕದಿರುವಾಗಲೇ ಕೀಳುತ್ತಿರಬೇಕು. ಹುಲ್ಲನ್ನು ಗುರುತಿಸಲು ಅದರ ದಂಟನ್ನು ನೋಡಿ. ಹುಲ್ಲಿಗೆ ಗೆಣ್ಣುಳ್ಳ ದಂಟು ಇರುತ್ತದೆ, ಎಲೆಯ ಬುಡ ಅದನ್ನು ಸುತ್ತಿಕೊಂಡಿರುತ್ತದೆ. ಜೇಕಿನ ದಂಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಮೂಲೆ ತಾಗುತ್ತದೆ. ಲಿರಿಯೋಪ್‌ಗಾಗಲಿ ಮಾಂಡೋವಿಗಾಗಲಿ ಎಲೆ ಹೊತ್ತ ದಂಟೇ ಇಲ್ಲ, ಎಲೆಗಳೆಲ್ಲ ನೆಲಮಟ್ಟದಿಂದಲೇ ಹೊರಡುತ್ತವೆ.

ಮೊದಲ ವರ್ಷ ಗಿಡ ಬೆಳೆದಂತೆಯೇ ಕಾಣುವುದಿಲ್ಲ. ಬೇರು ಇಳಿಯುತ್ತಿರುವ ಕಾಲವದು, ಗೊಬ್ಬರ ಸುರಿದು ಅವಸರಪಡಿಸಿದರೆ ಎಲೆ ಮೆತ್ತಗಾಗಿ ರೋಗಕ್ಕೆ ಸುಲಭದ ತುತ್ತಾಗುತ್ತದೆ. ಮಸ್ಕಾರಿ ಎರಡನೆಯ ವರ್ಷದ ಕೊನೆಗೆ ನೆಲ ತುಂಬುವ ಲಕ್ಷಣ ತೋರಿಸುತ್ತದೆ. ಮಾಂಡೋ ಹುಲ್ಲಿಗೆ ಎರಡರಿಂದ ಮೂರು ವರ್ಷ ಬೇಕು, ಕುಬ್ಜ ತಳಿಗಳಿಗೆ ಅದಕ್ಕಿಂತಲೂ ಹೆಚ್ಚು ಕಾಲ ಹಿಡಿಯಬಹುದು. ಹೊಸ ಬೆಳವಣಿಗೆ ಆರಂಭವಾಗುವ ಹೊತ್ತಿಗೆ ವರ್ಷಕ್ಕೊಮ್ಮೆ ಒಂದು ಸೆಂಟಿಮೀಟರ್ ದಪ್ಪಕ್ಕೆ ಕಾಂಪೋಸ್ಟ್ ಉದುರಿಸಿದರೆ, ಇಲ್ಲವೇ ನಿಧಾನವಾಗಿ ಕರಗುವ ಗೊಬ್ಬರವನ್ನು ಪೊಟ್ಟಣದ ಮೇಲೆ ಸೂಚಿಸಿದ್ದಕ್ಕಿಂತ ಮಿತವಾಗಿ ಕೊಟ್ಟರೆ ಸಾಕು.

ಕತ್ತರಿಸುವ ಕಾಲ

ಹಿಮ ಮತ್ತು ಚಳಿಗಾಳಿಗೆ ಸಿಕ್ಕ ಲಿರಿಯೋಪ್ ಎಲೆಗಳು ಚಳಿಗಾಲದ ಕೊನೆಗೆ ಹರಿದು ಕಂದಾಗಿರುತ್ತವೆ. ಹೊಸ ಚಿಗುರು ಹೊರಡುವ ಮುನ್ನ ಇವನ್ನು ನೆಲದಿಂದ 7ರಿಂದ 8 ಸೆಂಟಿಮೀಟರ್ ಎತ್ತರಕ್ಕೆ ಒಮ್ಮೆ ಕತ್ತರಿಸಿದರೆ ಇಡೀ ಪಾತಿ ಹೊಸದಾಗಿ ಬರುತ್ತದೆ. ದೊಡ್ಡ ಜಾಗಕ್ಕೆ ಹುಲ್ಲು ಕತ್ತರಿಸುವ ಯಂತ್ರವನ್ನೇ ಅತಿ ಎತ್ತರದ ಮಟ್ಟಕ್ಕೆ ಏರಿಸಿ ಓಡಿಸಬಹುದು, ಅಲಗು ಹರಿತವಾಗಿರಬೇಕು. ಕತ್ತರಿಸುವ ಮೊದಲು ಒಂದೆರಡು ಗಿಡಗಳ ಎಲೆಗಳನ್ನು ಬಿಡಿಸಿ ಬುಡವನ್ನು ನೋಡುವುದು ಅಗತ್ಯ. ತಿಳಿಹಸಿರು ಮೊನೆಗಳು ಆಗಲೇ ಮೇಲೆದ್ದಿದ್ದರೆ ಕಾಲ ಮೀರಿದೆ ಎಂದರ್ಥ, ಆ ವರ್ಷ ಕೆಟ್ಟ ಎಲೆಗಳನ್ನಷ್ಟೇ ಕೈಯಿಂದ ಆರಿಸಿ ಸುಮ್ಮನಾಗಬೇಕು. ಹಿಮವೇ ಬೀಳದ ಕಡೆ ಇದನ್ನು ಪ್ರತಿವರ್ಷ ಮಾಡಬೇಕಾದ ವಿಧಿಯೆಂದು ಭಾವಿಸಬೇಕಾಗಿಲ್ಲ; ಎಲೆಗಳು ಹಳತಾಗಿ ಕಂಡ ವರ್ಷ ಮಾಡಿದರಾಯಿತು. ಮಾಂಡೋ ಹುಲ್ಲಿಗೆ ಕತ್ತರಿಯ ಅಗತ್ಯ ಬರುವುದು ಅಪರೂಪ, ಕುಬ್ಜ ತಳಿಗೆ ಬಾರದು ಎಂದೇ ಹೇಳಬಹುದು.

ಗಿಡ ಹೆಚ್ಚಿಸಿಕೊಳ್ಳುವುದು

ಬುಡ ಭಾಗ ಮಾಡುವುದೇ ಸುಲಭದ ಮತ್ತು ಖಚಿತವಾದ ದಾರಿ. ಹೊಸ ಚಿಗುರು ಬರುವ ಮುನ್ನ ಬಲಿತ ಗುಂಪನ್ನು ಸಲಿಕೆಯಿಂದ ಸುತ್ತ ಅಗೆದು ಎತ್ತಿ, ಮಣ್ಣು ಕೊಡವಿ, ಕೈಯಿಂದ ಬಿಡಿಸಿ ಅಥವಾ ಹರಿತವಾದ ಚಾಕುವಿನಿಂದ ಸೀಳಿ. ಪ್ರತಿ ಭಾಗಕ್ಕೂ ಕನಿಷ್ಠ ಮೂರು ಹಿಳ್ಳುಗಳೂ ಸಾಕಷ್ಟು ಬೇರೂ ಇರಬೇಕು. ಎಲೆಗಳನ್ನು ಅರ್ಧಕ್ಕೆ ಕತ್ತರಿಸಿದರೆ ನೀರು ಆವಿಯಾಗುವುದು ಕಡಿಮೆಯಾಗಿ ಬೇಗ ಹಿಡಿದುಕೊಳ್ಳುತ್ತವೆ. ಬೇರಿನಲ್ಲಿ ಕಾಣುವ ಬಿಳಿಯ ಚಿಕ್ಕ ಗಡ್ಡೆಗಳನ್ನು ಮಾತ್ರ ಬಿಡಿಸಿ ನೆಟ್ಟರೆ ಗಿಡ ಬರುವುದಿಲ್ಲ, ಅವುಗಳಲ್ಲಿ ಕಣ್ಣಿಲ್ಲ. ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಮಾಂಡೋ ಹುಲ್ಲಿನ ಈ ಗಡ್ಡೆಗಳಿಗೆ ಔಷಧವಾಗಿ ಬಹಳ ಬೆಲೆಯಿದ್ದು, ಅಲ್ಲಿ ಇದನ್ನು ಬೆಳೆಯಾಗಿಯೇ ಬೆಳೆಯುತ್ತಾರೆ.

ಬೀಜದಿಂದ ಬೆಳೆಸಲು ತಾಳ್ಮೆ ಬೇಕು. ಮಾಗಿದ ಬೀಜದ ಮೇಲಿನ ತಿರುಳು ಮೊಳಕೆಯನ್ನು ತಡೆಯುವುದರಿಂದ ಅದನ್ನು ಉಜ್ಜಿ ತೊಳೆದು, ಒಂದು ದಿನ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ತಾಜಾ ಇರುವಾಗಲೇ ಬಿತ್ತಬೇಕು. ಮೊಳಕೆಗೆ ಒಂದೂವರೆ ತಿಂಗಳೋ ಇನ್ನೂ ಹೆಚ್ಚೋ ಕಾಲ ಬೇಕಾಗಬಹುದು. ಪಟ್ಟೆಯೆಲೆಯ ತಳಿಗಳು ಬೀಜದಿಂದ ತಾಯಿಯಂತೆಯೇ ಬರುವುದಿಲ್ಲ, ಕಪ್ಪು ಮಾಂಡೋವಿನ ಸಸಿಗಳಲ್ಲೂ ಕೆಲವು ಹಸಿರಾಗಿಯೇ ಹುಟ್ಟುತ್ತವೆ. ನೋಡಲು ಆಕರ್ಷಕವಾದ ಈ ಬೀಜಗಳು ತಿನ್ನುವಂಥವಲ್ಲ ಎಂಬುದನ್ನು ಮನೆಯ ಮಕ್ಕಳಿಗೆ ಹೇಳಿರಬೇಕು.

ರೋಗ, ಕೀಟ

ಹೆಚ್ಚು ನಷ್ಟ ಮಾಡುವುದು ಬುಡ ಕೊಳೆಯುವ ರೋಗ. ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಇದಕ್ಕೆ ಮುಖ್ಯ ಕಾರಣ. ನೀರು ನಿಂತ, ಬೆಚ್ಚಗಿನ ಮಣ್ಣು ಅದಕ್ಕೆ ಹಬ್ಬ. ಒಳಗಿನ ಅಥವಾ ಹೊರಸುತ್ತಿನ ಎಲೆಗಳು ಬುಡದಿಂದ ಹಳದಿಯಾಗುತ್ತ ಬಂದು, ಮೆಲ್ಲಗೆ ಎಳೆದರೆ ಸುಲಭವಾಗಿ ಕಳಚಿ ಬರುತ್ತವೆ, ಕಳಚಿದ ತುದಿ ಕಂದಾಗಿ ಮೆತ್ತಗಿರುತ್ತದೆ. ಬಾಡಿದ್ದನ್ನು ಕಂಡು ನೀರು ಹೆಚ್ಚಿಸುವುದು ಸಹಜವಾದರೂ ಇಲ್ಲಿ ಅದು ಗಿಡವನ್ನು ಕೊಲ್ಲುತ್ತದೆ. ರೋಗ ಹಿಡಿದ ಗುಂಪನ್ನು ಸುತ್ತಲಿನ ಮಣ್ಣಿನೊಂದಿಗೆ ತೆಗೆದು ದೂರ ಹಾಕಿ, ಕಾಂಪೋಸ್ಟ್ ಗುಂಡಿಗೆ ಸೇರಿಸದೆ, ನೀರು ಬಸಿಯುವ ದಾರಿ ಮಾಡಿಕೊಡಬೇಕು. ಅದೇ ಕುಳಿಯಲ್ಲಿ ಅದೇ ಜಾತಿಯ ಗಿಡವನ್ನು ಮತ್ತೆ ನೆಡಬಾರದು.

ಎಲೆಯ ತುದಿ ಮತ್ತು ಅಂಚಿನಲ್ಲಿ ಕೆಂಪುಮಿಶ್ರಿತ ಕಂದು ಚುಕ್ಕೆಗಳು ಕಾಣಿಸಿಕೊಂಡರೆ ಅದು ಚಿಬ್ಬು ರೋಗ. ನೀರಿನ ಹನಿ ಸಿಡಿದು ಎಲೆಯಿಂದ ಎಲೆಗೆ ಹಬ್ಬುತ್ತದೆ. ವಾರ್ಷಿಕ ಕತ್ತರಿಕೆಯ ನಂತರ ಹಳೆಯ ಎಲೆಗಳನ್ನು ಪೂರ್ತಿಯಾಗಿ ಗುಡಿಸಿ ತೆಗೆದು, ಮೇಲಿನಿಂದ ನೀರು ಹಾಕುವುದನ್ನು ನಿಲ್ಲಿಸಿದರೆ ಬಹುತೇಕ ಹತೋಟಿಗೆ ಬರುತ್ತದೆ. ತುದಿ ಮಾತ್ರ ಚುಕ್ಕೆಯಿಲ್ಲದೆ ಒಣಗುತ್ತಿದ್ದರೆ ರೋಗವಲ್ಲ; ಬಿಸಿಲು ಹೆಚ್ಚಾಗಿರಬೇಕು, ನೀರು ಸಾಲದಾಗಿರಬೇಕು, ಇಲ್ಲವೇ ಗೊಬ್ಬರ ಅತಿಯಾಗಿರಬೇಕು. ಎಲೆಯ ಉದ್ದಕ್ಕೂ ಬಿಳಿಯ ಚಿಕ್ಕ ಹೊಟ್ಟು ಅಂಟಿದಂತೆ ಕಂಡರೆ ಅವು ಶಲ್ಕ ಕೀಟಗಳು. ಗಿಡವನ್ನು ಕತ್ತರಿಸಿದ ಕೂಡಲೇ ಉಳಿದ ಎಲೆಯ ಅಡಿಭಾಗಕ್ಕೂ ತಾಗುವಂತೆ ತೋಟಗಾರಿಕೆಯ ಎಣ್ಣೆಯನ್ನು ತಂಪು ಹೊತ್ತಿನಲ್ಲಿ ಸಿಂಪಡಿಸಬೇಕು. ಎಳೆಯ ಚಿಗುರನ್ನು ತಿನ್ನುವ ಬಸವನಹುಳು ಮತ್ತು ಚಿಪ್ಪಿಲ್ಲದ ಅದರ ನಂಟರನ್ನು ರಾತ್ರಿ ದೀಪ ಹಿಡಿದು ಆರಿಸುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಹರಡದಂತೆ ತಡೆಯುವುದು

ಸ್ಪಿಕಾಟಾವನ್ನು ಬೆಳೆಸಲೇಬೇಕೆಂದರೆ ನೆಡುವ ದಿನವೇ ಅದಕ್ಕೆ ಎಲ್ಲೆ ಹಾಕಬೇಕು. ಪಾತಿಯ ಸುತ್ತ 20ರಿಂದ 25 ಸೆಂಟಿಮೀಟರ್ ಆಳಕ್ಕೆ ದಪ್ಪ ಪ್ಲಾಸ್ಟಿಕ್ ಅಥವಾ ಲೋಹದ ಪಟ್ಟಿಯನ್ನು ನೆಲದೊಳಗೆ ನಿಲ್ಲಿಸಿ, ಮೇಲಂಚು ಮೂರು ಸೆಂಟಿಮೀಟರಿನಷ್ಟು ಹೊರಗೆ ಕಾಣುವಂತಿಡಿ. ಅಂಚು ಮಣ್ಣಿನಲ್ಲಿ ಮುಚ್ಚಿಹೋದರೆ ಬೇರುಕಾಂಡಗಳು ಅದರ ಮೇಲಿನಿಂದಲೇ ದಾಟುತ್ತವೆ. ಕಾಂಕ್ರೀಟ್ ದಾರಿಗಳ ನಡುವೆ ಸಿಕ್ಕ ಪಟ್ಟಿಗಳಿಗೆ ಈ ಕಷ್ಟವಿಲ್ಲ, ಸ್ಪಿಕಾಟಾಗೆ ತಕ್ಕ ಜಾಗವೆಂದರೆ ಅಂಥದೇ. ಮಸ್ಕಾರಿಗೆ ಇದಾವುದೂ ಬೇಡ, ವರ್ಷಕ್ಕೊಮ್ಮೆ ಅಂಚಿನಲ್ಲಿ ಸಲಿಕೆ ಇಳಿಸಿ ಹೊರಚಾಚಿದ ಹಿಳ್ಳುಗಳನ್ನು ತೆಗೆದರಾಯಿತು.

ಎಲ್ಲೆ ಮೀರಿ ಹಬ್ಬಿದ ಗಿಡವನ್ನು ಕಳೆನಾಶಕದಿಂದ ಕೊಲ್ಲಲು ಹೊರಟವರು ಸಾಮಾನ್ಯವಾಗಿ ನಿರಾಶರಾಗುತ್ತಾರೆ, ಏಕೆಂದರೆ ಎಲೆಯ ಮೇಲಿನ ಮೇಣದ ಪದರದಿಂದ ದ್ರಾವಣ ಜಾರಿಹೋಗುತ್ತದೆ. ಅಗೆಯುವುದೇ ಉಳಿದ ದಾರಿ. ಮಳೆ ಬಂದು ಮಣ್ಣು ಮೆತ್ತಗಾದಾಗ ಹೊರಗಿನಿಂದ ಒಳಕ್ಕೆ ಅಗೆಯುತ್ತ ಬಂದು, ಮಣ್ಣನ್ನು ಜರಡಿಯಲ್ಲಿ ಸಾಣಿಸಿ, ಬಿಳಿಯ ಬೇರುಕಾಂಡದ ತುಂಡುಗಳನ್ನೆಲ್ಲ ಆರಿಸಬೇಕು, ಮತ್ತು ಎರಡು ಬೆಳವಣಿಗೆಯ ಕಾಲಗಳವರೆಗೆ ಅಲ್ಲಿ ಬೇರೇನನ್ನೂ ನೆಡದೆ, ತಲೆಯೆತ್ತಿದ ಪ್ರತಿ ಎಲೆಯನ್ನೂ ಬುಡಸಮೇತ ತೆಗೆಯುತ್ತಿರಬೇಕು.